ಅಕ್ಕನ ಜೊತೆ ಮಂಗಳೂರಿಗೆ, ಒಂದು ಹೆಂಚಿನ ಬೆನ್ನು ಹತ್ತಿ

ಜೂನ್ ಎರಡನೇ ವಾರ ಅಕ್ಕ ಫೋನ್ ಮಾಡಿದಳು. "ಶನಿವಾರ ಭಾನುವಾರ ಏನಾದ್ರೂ ಕೆಲಸ ಇಟ್ಕೊಂಡಿದ್ದೀಯೇನೋ?"

ಇಲ್ಲ ಅಂದೆ.

"ಹಾಗಾದ್ರೆ ಮಂಗಳೂರಿಗೆ ಹೋಗಿ ಬರೋಣ. ನಾನು, ನೀನು. ಇಬ್ಬರೇ."

ಅಕ್ಕನಿಗೆ ಈಗ 54. ನನಗೆ 47. ಅವಳ ಮದುವೆಯಾದ ಮೇಲೆ ನಾವಿಬ್ಬರೇ ಎಲ್ಲಿಗೂ ಹೋದದ್ದಿಲ್ಲ. ಧರ್ಮಸ್ಥಳ, ಹೊರನಾಡು, ಮೈಸೂರು ಎಲ್ಲ ಆಗಿದೆ. ಆದರೆ ಅದೆಲ್ಲ ಹದಿನಾಲ್ಕು ಜನರ ಟೆಂಪೋ ಟ್ರಾವೆಲರ್‌ನಲ್ಲಿ. ಭಾವ, ಮಕ್ಕಳು, ಅತ್ತೆ, ತಿಂಡಿ ಡಬ್ಬಿ, ವಾಂತಿ ಮಾತ್ರೆ. ಅಕ್ಕ ಯಾವಾಗಲೂ ಹಿಂದಿನ ಸೀಟಿನಲ್ಲಿ ಕೂತು ಎಲ್ಲರಿಗೂ ಚಪಾತಿ ಸುತ್ತಿ ಸುತ್ತಿ ಕೊಡುತ್ತಿರುತ್ತಾಳೆ. ಅವಳಾಗಿ "ಇಂಥಾ ಕಡೆ ಹೋಗೋಣ" ಅಂದದ್ದನ್ನು ನಾನು ಕೇಳಿದ್ದು ಇದೇ ಮೊದಲು. ಸಮುದ್ರ ನೋಡಬೇಕು ಅನಿಸಿರಬಹುದು ಅಂದುಕೊಂಡೆ. ಕೇಳಿದರೆ, "ಸಮುದ್ರ ಇದ್ದೇ ಇರುತ್ತೆ. ನಾನು ಹೋಗ್ತಿರೋದು ಹೆಂಚಿಗೋಸ್ಕರ" ಅಂದಳು.

ಇದು ಅರ್ಥ ಆಗಬೇಕಾದರೆ ನಮ್ಮ ಹಳೇ ಮನೆ ವಿಷಯ ಹೇಳಬೇಕು.

ನಾವು ಹುಟ್ಟಿ ಬೆಳೆದದ್ದು ಚಾಮರಾಜಪೇಟೆಯಲ್ಲಿ. 1892ರಲ್ಲಿ ಹುಟ್ಟಿದ ಬಡಾವಣೆ ಅದು. ನಮ್ಮ ಮುತ್ತಜ್ಜ ಅಲ್ಲಿ ಮನೆ ಕಟ್ಟಿಸಿದ್ದು 1911ರಲ್ಲಿ ಅಂತ ಕಾಗದಪತ್ರದಲ್ಲಿದೆ. ಮುಂದೆ ಜಗಲಿ, ನಡುವೆ ಹಜಾರ, ಹಿಂದೆ ಅಡುಗೆಮನೆ, ಮೇಲೆ ಪೂರ್ತಿ ಮಂಗಳೂರು ಹೆಂಚು. ಅಡುಗೆಮನೆಯಲ್ಲಿ ಒಂದೇ ಒಂದು ಗಾಜಿನ ಹೆಂಚು. ಅದರಿಂದ ಬೆಳಕು ಒಂದು ಹಲಗೆಯ ಹಾಗೆ ಇಳಿದು ಗೋಡೆ ಮೇಲೆ ಬೀಳುತ್ತಿತ್ತು. ಅಕ್ಕನಿಗೆ ಅದೇ ಗಡಿಯಾರ. "ಬೆಳಕು ಉಪ್ಪಿನ ಜಾಡಿ ಹತ್ರ ಬಂತು, ಎದ್ದೇಳೋ, ಎಂಟೂವರೆ ಆಯ್ತು" ಅಂತ ನನ್ನನ್ನು ಸ್ಕೂಲಿಗೆ ಹೊರಡಿಸುತ್ತಿದ್ದಳು.

ಮಂಗಳೂರು ಹೆಂಚಿನ ಒಳಮೈ ಮೇಲೆ ಕಾರ್ಖಾನೆಯ ಹೆಸರು ಅಚ್ಚೊತ್ತಿರುತ್ತದೆ. ಹಜಾರದಲ್ಲಿ ಅಂಗಾತ ಮಲಗಿದರೆ ಸಾಲು ಸಾಲಾಗಿ ಕಾಣುತ್ತಿತ್ತು. ಬಾಸೆಲ್ ಮಿಷನ್ ಟೈಲ್ ವರ್ಕ್ಸ್, 1865, ಮಂಗಳೂರು. ಎಲ್ಲ ದಪ್ಪ ದಪ್ಪ ಇಂಗ್ಲಿಷ್ ಅಕ್ಷರ. ನಾನು ಇಂಗ್ಲಿಷ್ ಅಕ್ಷರ ಕಲಿತದ್ದು ಪುಸ್ತಕದಲ್ಲಿ ಅಲ್ಲ, ಆ ಸೂರಿನಲ್ಲಿ. ಮಧ್ಯಾಹ್ನ ಊಟ ಆದ ಮೇಲೆ ಅಕ್ಕ ನನ್ನನ್ನು ಪಕ್ಕದಲ್ಲಿ ಮಲಗಿಸಿಕೊಂಡು, ಪೊರಕೆಕಡ್ಡಿ ಮೇಲಕ್ಕೆತ್ತಿ ತೋರಿಸುತ್ತಿದ್ದಳು. "ಅದು ಬಿ. ಅದರ ಪಕ್ಕ ಎ. ಎಸ್ ನೋಡು, ಹಾವಿನ ಥರ ಇದೆ." ಆಗ ನನಗೆ ನಾಲ್ಕು ವರ್ಷ, ಅವಳಿಗೆ ಹನ್ನೊಂದು. 1865 ಅಂದರೆ ನಮ್ಮ ಮನೆ ಕಟ್ಟಿದ ವರ್ಷ ಅಂತಲೇ ಇಬ್ಬರೂ ನಂಬಿದ್ದೆವು. ಅದು ಕಾರ್ಖಾನೆ ಶುರುವಾದ ವರ್ಷ ಅಂತ ತಿಳಿದದ್ದು ಎಷ್ಟೋ ಕಾಲದ ಮೇಲೆ.

ಮಳೆ ಬಂದರೆ ಏಳು ಕಡೆ ಸೋರುತ್ತಿತ್ತು. ಪ್ರತಿ ವರ್ಷ ಯುಗಾದಿ ಕಳೆದ ಮೇಲೆ ಅಪ್ಪ ಆಳು ಕರೆಸಿ ಹೆಂಚು ಕೈಯಾಡಿಸುತ್ತಿದ್ದರು. ಒಡೆದದ್ದು ತೆಗೆದು ಬೇರೆ ಹಾಕಿಸುತ್ತಿದ್ದರು. ಆದರೂ ಕೋತಿಗಳು ಬಿಡಬೇಕಲ್ಲ. ಮಳೆ ಶುರುವಾದರೆ ನಾನು, ಅಕ್ಕ ಪಾತ್ರೆ ಹಿಡಿದು ಓಡುತ್ತಿದ್ದೆವು. ಹಜಾರಕ್ಕೆ ಕೊಳದಪ್ಪಲೆ, ದೇವರ ಗೂಡಿನ ಮುಂದೆ ಚೊಂಬು, ಅಪ್ಪನ ಮೇಜಿನ ಮೇಲೆ ಬೋಸಿ. ರಾತ್ರಿ ದೀಪ ಆರಿಸಿ ಮಲಗಿದ ಮೇಲೆ ಅಕ್ಕ ಕತ್ತಲಲ್ಲೇ ಸದ್ದು ಕೇಳಿ ಹೇಳುತ್ತಿದ್ದಳು: "ಚೊಂಬು ತುಂಬ್ತು ಕಣೋ, ಹೋಗಿ ಚೆಲ್ಲಿ ಬಾ." ಹೋಗಿ ನೋಡಿದರೆ ತುಂಬಿಯೇ ಇರುತ್ತಿತ್ತು.

ಅಮ್ಮ ಹೋದ ಮೇಲೆ ಮನೆ ಭಾಗ ಆಗಬೇಕಾಯಿತು. ಅಷ್ಟು ಚಿಕ್ಕ ಜಾಗವನ್ನು ಐದು ಭಾಗ ಮಾಡೋದು ಹೇಗೆ? ಮಾರಿದೆವು. ಯಾರ ಮೇಲೂ ಬೇಸರ ಇಲ್ಲ. ಕೆಡವುವ ದಿನ ನಾನು ಹೋಗಲಿಲ್ಲ, ಹೋಗಲು ಆಗಲಿಲ್ಲ. ಅಕ್ಕ ಹೋದಳು. ಹಳೇ ಮರ, ಹೆಂಚು ಕೊಳ್ಳುವವರ ಲಾರಿ ಬಂದಿತ್ತಂತೆ. ಆಳುಗಳು ಹೆಂಚನ್ನು ಕೈಯಿಂದ ಕೈಗೆ ಎಸೆದು ಇಳಿಸುತ್ತಿದ್ದರಂತೆ. ಅಕ್ಕ ಅವರನ್ನು ನಿಲ್ಲಿಸಿ ಒಂದೇ ಒಂದು ಹೆಂಚು ಕೇಳಿ ತೆಗೆದುಕೊಂಡಳು. ಅದನ್ನು ಹಳೇ ಸೀರೆಯಲ್ಲಿ ಸುತ್ತಿಕೊಂಡು ಆಟೋದಲ್ಲಿ ತೊಡೆ ಮೇಲೆ ಇಟ್ಟುಕೊಂಡು ಮನೆಗೆ ಬಂದಳು. ಗಿರಿನಗರದಲ್ಲಿ ಮೂರನೇ ಮಹಡಿಯ ಅವಳ ಫ್ಲ್ಯಾಟಿನ ಬಾಲ್ಕನಿಯಲ್ಲಿ, ತುಳಸಿ ಕುಂಡದ ಪಕ್ಕ ಅದು ಇದೆ.

ಶುಕ್ರವಾರ ರಾತ್ರಿ ಮೆಜೆಸ್ಟಿಕ್‌ನಲ್ಲಿ ಬಸ್ ಹತ್ತಿದೆವು. ಅಕ್ಕನ ಬ್ಯಾಗು ನೋಡಿ ಹೆಂಚನ್ನೇ ಹೊತ್ತು ತಂದಿದ್ದಾಳೋ ಅಂತ ಗಾಬರಿ ಆಯಿತು. ಅದು ಸುಮಾರು ಎರಡೂವರೆ ಕೆಜಿ ತೂಗುತ್ತದೆ. ಅವಳು ತಂದದ್ದು ಒಂದು ಕಾಗದ. ಹೆಂಚಿನ ಮೇಲೆ ಬಿಳಿ ಹಾಳೆ ಇಟ್ಟು ಪೆನ್ಸಿಲ್ ಉಜ್ಜಿ ಅಕ್ಷರ ಮೂಡಿಸಿದ್ದಳು. ಚಿಕ್ಕಂದಿನಲ್ಲಿ ನಾಲ್ಕಾಣೆ ಮೇಲೆ ಕಾಗದ ಇಟ್ಟು ಮಾಡುತ್ತಿದ್ದೆವಲ್ಲ, ಹಾಗೆ. ಸುರುಳಿ ಮಾಡಿ, ಪ್ಲಾಸ್ಟಿಕ್ ಹಾಕಿ, ರಬ್ಬರ್ ಬ್ಯಾಂಡ್ ಬಿಗಿದಿದ್ದಳು.

ಹಾಸನ ದಾಟುವವರೆಗೆ ನಿದ್ದೆ ಮಾಡಿದೆ. ಶಿರಾಡಿ ಘಾಟಿಯಲ್ಲಿ ಎಚ್ಚರ ಆಯಿತು. ಹೊರಗೆ ಜಡಿಮಳೆ. ಅಕ್ಕ ಕಿಟಕಿಗೆ ಹಣೆ ಒತ್ತಿ ಕತ್ತಲನ್ನೇ ನೋಡುತ್ತಿದ್ದಳು. ಬೆಳಗಿನ ಜಾವ ಬಂಟ್ವಾಳದ ಹತ್ತಿರ ನೇತ್ರಾವತಿ ಕಂಡಿತು. ತುಂಬಿದ ಹೊಳೆ, ಕೆಂಪು ನೀರು.

ಆರು ಗಂಟೆಗೆ ಬಿಜೈ ಬಸ್ ನಿಲ್ದಾಣದಲ್ಲಿ ಇಳಿದೆವು. ಹಂಪನಕಟ್ಟೆಯಲ್ಲಿ ರೂಮು ಬುಕ್ ಮಾಡಿದ್ದೆ. ಬೆಳಿಗ್ಗೆಯೇ ಕೊಡುತ್ತೇವೆ ಅಂತ ಫೋನಿನಲ್ಲಿ ಹೇಳಿದ್ದ ಲಾಡ್ಜಿನವರು, ಹೋದರೆ ಮಧ್ಯಾಹ್ನ 12ರ ಮೇಲೆ ಅಂದರು. ಇದು ತಪ್ಪು. ರಾತ್ರಿಯಿಡೀ ಬಸ್ಸಿನಲ್ಲಿ ಕೂತು ಬಂದವರಿಗೆ ಹೀಗೆ ಮಾಡಬಾರದು. ನಾನು ಜಗಳಕ್ಕೆ ನಿಂತೆ. ಅಕ್ಕ ಅಷ್ಟರಲ್ಲಿ ಅಲ್ಲಿನ ಹುಡುಗನನ್ನು ಕೇಳಿ ಕೆಳಗಿನ ಬಾತ್‌ರೂಮಿನಲ್ಲಿ ಮುಖ ತೊಳೆದು, ಸೀರೆ ಬದಲಾಯಿಸಿ, ಜಡೆ ಹೆಣೆದುಕೊಂಡು ಬಂದು ನಿಂತಿದ್ದಳು. "ಬ್ಯಾಗು ಇಲ್ಲೇ ಇರ್ಲಿ, ನಡಿ, ಹಸಿವಾಗ್ತಿದೆ."

ಬನ್ಸ್ ತಿಂದೆವು. ಬೆಂಗಳೂರಲ್ಲೂ ಈಗ ಮಂಗಳೂರು ಬನ್ಸ್ ಸಿಗುತ್ತದೆ. ಆದರೆ ಇಲ್ಲಿಯದು ಬೇರೆ. ಕಳಿತ ಬಾಳೆಹಣ್ಣು ಕಿವುಚಿ, ಮೊಸರು, ಮೈದಾ ಕಲಸಿ, ರಾತ್ರಿಯಿಡೀ ಬಿಟ್ಟು ಬೆಳಿಗ್ಗೆ ಎಣ್ಣೆಗೆ ಬಿಡುತ್ತಾರೆ. ಮೇಲೆ ಕಂದು ಬಣ್ಣ, ಒಳಗೆ ಜೇನುಗೂಡಿನ ಹಾಗೆ ತೂತು. ಸಿಹಿ ಇದೆಯೋ ಇಲ್ಲವೋ ಅನ್ನುವಷ್ಟು ಸಿಹಿ. ನಡುನಡುವೆ ಜೀರಿಗೆ ಕಡಿಯಲು ಸಿಗುತ್ತದೆ. ಖಾರದ ಚಟ್ನಿ ಅದ್ದಿ ತಿನ್ನಬೇಕು. ಅಕ್ಕ ಎರಡು ತಿಂದು, ಮೂರನೆಯದು ತರಿಸಿ, ಅರ್ಧ ನನಗೆ ಕೊಟ್ಟಳು. ಅಮ್ಮನೂ ಹೀಗೇ ಕೊಡುತ್ತಿದ್ದಳು.

ಆಮೇಲೆ ಬಾವುಟಗುಡ್ಡ ಹತ್ತಿದೆವು. ಲೈಟ್‌ಹೌಸ್ ಹಿಲ್ ಅಂತಲೂ ಹೇಳುತ್ತಾರೆ. ಸಂತ ಅಲೋಶಿಯಸ್ ಚಾಪೆಲ್ ಇರುವುದು ಅಲ್ಲೇ. ಇಟಲಿಯಿಂದ ಬಂದ ಆಂಟೋನಿಯೊ ಮೊಸ್ಕೇನಿ ಅನ್ನುವ ಜೆಸ್ವಿಟ್ ಪಂಗಡದ ಕ್ರೈಸ್ತ ಸನ್ಯಾಸಿಯೊಬ್ಬರು 1899ರಿಂದ 1901ರವರೆಗೆ ಗೋಡೆ, ಚಾವಣಿ ಎಲ್ಲ ಚಿತ್ರ ಬರೆದು ತುಂಬಿಸಿದ್ದಾರೆ. ಗೋಡೆಯ ಮೇಲಿನ ಚಿತ್ರಗಳನ್ನು ಹಸಿ ಗಾರೆಯ ಮೇಲೇ ಬರೆದದ್ದು. ಗಾರೆ ಒಣಗುವುದರೊಳಗೆ ಮುಗಿಸಬೇಕು, ಇಲ್ಲದಿದ್ದರೆ ಬಣ್ಣ ಹಿಡಿಯುವುದಿಲ್ಲ. ಈ ಊರಿನ ತೇವಕ್ಕೆ ನೂರಿಪ್ಪತ್ತು ವರ್ಷ ತಡೆದುಕೊಂಡಿವೆ ಅಂದರೆ ಸುಮ್ನೆ ಮಾತಲ್ಲ. ಅಕ್ಕ ಬೆಂಚಿನ ಮೇಲೆ ಕೂತು ಕತ್ತು ಹಿಂದಕ್ಕೆ ಹಾಕಿ ತುಂಬಾ ಹೊತ್ತು ಮೇಲೆ ನೋಡಿದಳು. ನಾನೂ ನೋಡಿದೆ. ನಾವಿಬ್ಬರೂ ಹೀಗೆ ಪಕ್ಕಪಕ್ಕ ಕೂತು ಮೇಲೆ ನೋಡದೆ ಎಷ್ಟು ವರ್ಷ ಆಗಿತ್ತು!

ಹೊರಗೆ ಬಂದು ಗುಡ್ಡದಿಂದ ಊರು ನೋಡಿದೆವು. ತೆಂಗಿನ ಮರಗಳ ನಡುವೆ ಕೆಂಪು ಮಾಡುಗಳು ಎಷ್ಟಿವೆ ಅಂತ ಎಣಿಸೋಣ ಅಂದಳು. ಎತ್ತರದ ಕಟ್ಟಡಗಳೇ ಜಾಸ್ತಿ. ಆದರೂ ಅವುಗಳ ಕಾಲ ಬುಡದಲ್ಲಿ, ಮರದ ಮರೆಯಲ್ಲಿ ಒಂದೊಂದೇ ಕಾಣತೊಡಗಿದವು. ಮಳೆಯಲ್ಲಿ ತೋಯ್ದ ಹೆಂಚಿನ ಕೆಂಪು ಬೇರೆಯೇ. ಕೆಲವಕ್ಕೆ ಪಾಚಿ ಕಟ್ಟಿ ಕಪ್ಪಾಗಿತ್ತು. ಅಕ್ಕ 23 ಎಣಿಸಿದಳು. ನನಗೆ ಸಿಕ್ಕಿದ್ದು 19.

ಅಲ್ಲಿಂದ ಬಲ್ಮಠದ ಕಡೆ ನಡೆದೆವು. ಇದು ನನ್ನ ಆಸೆ. ನಾನು ಇಪ್ಪತ್ತಮೂರು ವರ್ಷದಿಂದ ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಪುಟ ಕಟ್ಟುವ ಕೆಲಸ ಮಾಡುತ್ತಿದ್ದೇನೆ. ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' 1843ರ ಜುಲೈ 1ರಂದು ಹೊರಬಂದದ್ದು ಈ ಊರಿನಲ್ಲಿ. ಅದನ್ನು ತಂದವರು ಬಾಸೆಲ್ ಮಿಷನ್ ಅನ್ನುವ ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆಯ ಹರ್ಮನ್ ಮೋಗ್ಲಿಂಗ್. ಆಗ ಇಲ್ಲಿ ಅಚ್ಚಿನ ಮೊಳೆ ಇರಲಿಲ್ಲ, ಕಲ್ಲಚ್ಚಿನಲ್ಲಿ ತೆಗೆಯುತ್ತಿದ್ದರು. ಕಿಟೆಲ್ಲರ ದೊಡ್ಡ ನಿಘಂಟು 1894ರಲ್ಲಿ ಅಚ್ಚಾದದ್ದೂ ಇಲ್ಲಿನ ಬಾಸೆಲ್ ಮಿಷನ್ ಪ್ರೆಸ್ಸಿನಲ್ಲೇ. ನಮ್ಮ ಪ್ರೆಸ್ಸಿನಲ್ಲಿ ಅದರ ಒಂದು ಮರುಮುದ್ರಣ ಇದೆ. ಕಾಗುಣಿತದ ಅನುಮಾನ ಬಂದಾಗೆಲ್ಲ ನಾನು ತೆರೆಯುವ ಪುಸ್ತಕ.

ನನಗೆ ರೋಮಾಂಚನ ಆಗುವ ಸಂಗತಿ ಇನ್ನೊಂದಿದೆ. ಇಲ್ಲಿನ ಪ್ರೆಸ್ ನೋಡಿಕೊಳ್ಳಲು ಜರ್ಮನಿಯಿಂದ ಜಾರ್ಜ್ ಪ್ಲೆಬ್ಸ್ಟ್ ಅನ್ನುವವರು ಬಂದಿದ್ದರು. ಕೆಲವು ವರ್ಷದ ಮೇಲೆ, 1865ರಲ್ಲಿ, ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದವರೂ ಅವರೇ. ಕಾಗದಕ್ಕೆ ಅಚ್ಚು ಹಾಕುತ್ತಿದ್ದ ಮನುಷ್ಯ ಮಣ್ಣಿಗೆ ಅಚ್ಚು ಹಾಕಿದರು. ಅಕ್ಷರ ಎರಡರಲ್ಲೂ ಮೂಡಿತು. ಇದನ್ನು ಅಕ್ಕನಿಗೆ ರಸ್ತೆ ಬದಿಯಲ್ಲಿ ನಿಂತು ಹೇಳಿದೆ. ಅವಳು ಕೊಡೆ ಸರಿಮಾಡಿಕೊಂಡು, "ಅದಕ್ಕೇ ನೀನು ಪ್ರೆಸ್ಸಿಗೆ ಸೇರಿದ್ದು ನೋಡು" ಅಂದಳು. ಹೌದೇನೋ ಅನಿಸಿತು.

ಜೆಪ್ಪುವಿಗೆ ಆಟೋ ಹಿಡಿದೆವು. ಎಲ್ಲಿಗೆ ಅಂದರೆ ಹೆಂಚಿನ ಫ್ಯಾಕ್ಟರಿ ಹತ್ತಿರ ಅಂದೆ. ಆಟೋದವರು, "ಹಂಚಿನ ಫ್ಯಾಕ್ಟರಿಯಾ? ಅದೆಲ್ಲ ಒಂದೊಂದೇ ಬಂದ್ ಆಯಿತಲ್ಲ ಮಾರಾಯ್ರೆ. ಈಗ ಎಲ್ಲರಿಗೂ ಸ್ಲ್ಯಾಬ್ ಬೇಕು" ಅಂದರು. ನಾವು ಹೆಂಚು ಅನ್ನುತ್ತೇವೆ, ಅವರು ಹಂಚು ಅನ್ನುತ್ತಾರೆ. ಮನೆ ಮೇಲೆ ಕೂತಿದ್ದರೆ ಎರಡೂ ಒಂದೇ.

ಮೋರ್ಗನ್ಸ್ ಗೇಟ್ ದಾಟಿ, ಹೊಯ್ಗೆ ಬಜಾರ್ ಕಡೆ ಹೊಳೆ ಬದಿಗೆ ಹೋದೆವು. ಒಂದು ಕಡೆ ಕಾಂಪೌಂಡ್ ಗೋಡೆ ಆಚೆ ಹಳೇ ಇಟ್ಟಿಗೆ ಚಿಮಣಿ, ಅದರ ಬಿರುಕಿನಲ್ಲಿ ಅರಳಿ ಗಿಡ. ಗೇಟಿಗೆ ಬೀಗ. ಅಕ್ಕ ಗೇಟಿನ ಸಂದಿಯಲ್ಲಿ ನೋಡಿದಳು. ಹುಲ್ಲು ಬಿಟ್ಟರೆ ಏನೂ ಕಾಣಲಿಲ್ಲ. ಇಷ್ಟಕ್ಕೇ ಮುಗಿಯಿತಾ ಅಂತ ನನಗೆ ಬೇಜಾರಾಯಿತು. ಎದುರಿಗೆ ಒಂದು ಚಿಕ್ಕ ಹೋಟೆಲ್ ಇತ್ತು. ಚಹಾ ಕುಡಿಯೋಣ ಅಂತ ಹೋದೆವು.

ಅಲ್ಲಿ ಬೆಂಚಿನ ಮೇಲೆ ಒಬ್ಬ ಹಿರಿಯರು ಕೂತಿದ್ದರು. ಎಪ್ಪತ್ತು ದಾಟಿರಬೇಕು. ಬಿಳಿ ಪಂಚೆ, ಕಾಲ ಬಳಿ ಉದ್ದನೆಯ ಕೊಡೆ. ಅಕ್ಕ ಸುರುಳಿ ಬಿಚ್ಚಿ ಹೋಟೆಲಿನವರಿಗೆ ತೋರಿಸುತ್ತಿದ್ದಳು. ಆ ಹಿರಿಯರು ಕೈ ಚಾಚಿ ಕಾಗದ ಇಸಿದುಕೊಂಡರು. ಕನ್ನಡಕ ಹಾಕಿಕೊಂಡು ಬೆರಳಿನಲ್ಲಿ ಅಕ್ಷರ ಸವರಿದರು. "ಇದು ತುಂಬಾ ಹಳೆಯದು ಆಯ್ತಾ. ಮೊದಲನೇ ಮಹಾಯುದ್ಧಕ್ಕಿಂತ ಮುಂಚೆಯದ್ದು. ಆ ಯುದ್ಧದ ಮೇಲೆ ಬ್ರಿಟಿಷರು ಇವರ ಫ್ಯಾಕ್ಟರಿ ತೆಗೆದುಕೊಂಡು ಕಾಮನ್‌ವೆಲ್ತ್ ಟ್ರಸ್ಟ್‌ಗೆ ಕೊಟ್ಟರು. ಎಲ್ಲಿ ಸಿಕ್ಕಿತು ನಿಮಗೆ?"

"ನಮ್ಮ ಮನೆ ಮೇಲಿತ್ತು" ಅಂದಳು ಅಕ್ಕ.

ಅವರು ಹುಡುಗನಾಗಿದ್ದಾಗ ಬೇರೊಂದು ಹಂಚಿನ ಕಾರ್ಖಾನೆಯಲ್ಲಿ ಕೆಲಸ ಮಾಡಿದ್ದರು. ತಾಯಿಯೂ ಅಲ್ಲೇ ಇದ್ದರಂತೆ. ಅವರು ಹೇಳುತ್ತಾ ಹೋದರು, ನಾವು ಚಹಾ ಆರುವುದನ್ನೂ ಮರೆತು ಕೇಳಿದೆವು. ಮಣ್ಣು ಬರುತ್ತಿದ್ದದ್ದು ನೇತ್ರಾವತಿ, ಫಲ್ಗುಣಿ ಹೊಳೆಗಳ ಬದಿಯಿಂದ, ದೋಣಿಯಲ್ಲಿ. ಅದನ್ನು ಹದ ಮಾಡಿ, ಅರೆದು, ದಪ್ಪ ರೊಟ್ಟಿಯ ಹಾಗೆ ಕತ್ತರಿಸಿ ಪ್ರೆಸ್ಸಿಗೆ ಕೊಡಬೇಕು. ಮೇಲಿನ ಅಚ್ಚು ಬಂದು ಒತ್ತಿದರೆ ಹಂಚಿನ ರೂಪ ಬರುತ್ತದೆ. ಅಂಚಿನಲ್ಲಿ ಹೊರಗೆ ಬಂದ ಮಣ್ಣನ್ನು ಹೆಂಗಸರು ಕೂತು ಕತ್ತರಿಸಿ ತೆಗೆಯುತ್ತಿದ್ದರು. ಆಮೇಲೆ ಅಟ್ಟಳಿಗೆಯಲ್ಲಿ ನೆರಳಲ್ಲಿ ಒಣಗಿಸುವುದು. "ಬಿಸಿಲಿಗೆ ಹಾಕಿದರೆ ಸೊಟ್ಟ ಆಗ್ತದೆ. ಸೊಟ್ಟ ಹಂಚು ಒಂದರ ಮೇಲೆ ಒಂದು ಕೂರುವುದಿಲ್ಲ. ಮಳೆ ಒಳಗೆ ಬರ್ತದೆ." ಕೊನೆಗೆ ಭಟ್ಟಿ. ಮಣ್ಣಿನಲ್ಲಿ ಕಬ್ಬಿಣದ ಅಂಶ ಇರುವುದರಿಂದ ಬೆಂದ ಮೇಲೆ ಕೆಂಪಾಗುತ್ತದೆ. "ಸರಿ ಬೆಂದಿದೆಯಾ ನೋಡಲಿಕ್ಕೆ ಹೀಗೆ ಬಡಿಯುವುದು" ಅಂತ ಬೆರಳ ಗೆಣ್ಣಿನಿಂದ ಮೇಜು ಬಡಿದರು. "ಗಂಟೆ ಹಾಗೆ ಕೇಳಬೇಕು. ದಡ್ ಅಂತ ಕೇಳಿದರೆ ಒಳಗೆ ಒಡಕು ಉಂಟು."

ಆಗ ಅಕ್ಕ ಫೋನು ತೆಗೆದು ಒಂದು ಫೋಟೋ ತೋರಿಸಿದಳು. ಹೆಂಚಿನ ಒಳಮೈಯ ಒಂದು ಮೂಲೆ. ಅಲ್ಲಿ ಒಂದು ಚಿಕ್ಕ ಗುಳಿ, ಹುಣಸೆ ಬೀಜದಷ್ಟು. ಅದರ ಪಕ್ಕದಲ್ಲಿ ಇನ್ನೊಂದು ಅರ್ಧ ಗುಳಿ. ನಾನು ಅದನ್ನು ನೋಡಿಯೇ ಇರಲಿಲ್ಲ. ಹಿರಿಯರು ಫೋನನ್ನು ಕಣ್ಣಿನ ಹತ್ತಿರ ಹಿಡಿದು ನೋಡಿ ನಕ್ಕರು. "ಇದು ಬೆರಳು. ಹಸಿ ಹಂಚನ್ನು ಪ್ರೆಸ್ಸಿನಿಂದ ಎತ್ತುವಾಗ ಒತ್ತಿ ಹಿಡಿದಿದ್ದಾರೆ. ಹೊಸಬರು ಇರಬೇಕು. ಪಳಗಿದ ಕೈ ಆದರೆ ಗುರುತು ಬೀಳುವುದಿಲ್ಲ."

"ಹೆಂಗಸಿನ ಬೆರಳಾ?"

"ಸಣ್ಣ ಉಂಟಲ್ಲ. ಹೆಂಗಸೋ, ಹುಡುಗನೋ."

ಅಕ್ಕ ಅದನ್ನೇ ಕೇಳಲು ಬೆಂಗಳೂರಿನಿಂದ ಬಂದಿದ್ದಳು. ಬೀದಿಗೆ ಬಂದ ಮೇಲೆ ನನಗೆ ಹೇಳಿದಳು. ಬಾಲ್ಕನಿ ಒರೆಸುವಾಗ ಒಂದು ದಿನ ಆ ಗುಳಿಯಲ್ಲಿ ಅವಳ ಕಿರುಬೆರಳು ಸರಿಯಾಗಿ ಕೂತಿತಂತೆ. "ನೂರು ವರ್ಷದ ಮೇಲಾಯ್ತು ಕಣೋ. ಯಾರೋ ಒಬ್ಬರು ಎತ್ತಿ ಇಟ್ಟಿದ್ದಾರೆ. ನಾವು ಅದರ ಕೆಳಗೆ ಮಲಗಿ ಬೆಳೆದ್ವಿ. ಯಾರು ಅಂತ ತಿಳಿಯೋದು ಸಾಧ್ಯ ಇಲ್ಲ, ಗೊತ್ತು. ಅವರ ಊರನ್ನಾದ್ರೂ ನೋಡಬೇಡ್ವಾ?"

ಊಟಕ್ಕೆ ಮತ್ತೆ ಹಂಪನಕಟ್ಟೆಗೆ ಬಂದೆವು. ಅಂಜಲ್ ಫ್ರೈ ಕೇಳಿದರೆ ರೇಟು ಜೋರಾಗಿತ್ತು. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳು ಸಮುದ್ರಕ್ಕೆ ಇಳಿಯುವಂತಿಲ್ಲ. ಮೀನು ಮೊಟ್ಟೆ ಇಡುವ ಕಾಲ, ಕಡಲೂ ಒರಟು. ಈಗ ನಾಡದೋಣಿಯವರು ಹಿಡಿದು ತಂದದ್ದೇ ಗತಿ. ಬಂಗುಡೆ ಪುಳಿಮುಂಚಿ, ನೀರುದೋಸೆ ಸಾಕು ಅಂದೆವು. ಹುಣಸೆಹುಳಿ, ಕೆಂಪುಮೆಣಸು ಸೇರಿದ ಆ ದಪ್ಪ ಗಸಿಯನ್ನು ಕರವಸ್ತ್ರದಷ್ಟು ತೆಳ್ಳಗಿನ ದೋಸೆಯಲ್ಲಿ ಬಳಿದು ತಿಂದೆವು. ಅಕ್ಕನ ಕಣ್ಣಲ್ಲಿ ನೀರು ಬಂತು, ಆದರೂ ಇನ್ನೊಂದು ಪ್ಲೇಟ್ ದೋಸೆ ತರಿಸಿದಳು.

ಮೂರು ಗಂಟೆ ಹೊತ್ತಿಗೆ ಬಂದರು ಕಡೆ ಹೋದೆವು. ಹಳೇ ಬಂದರು, ಧಕ್ಕೆ. ಮೀನಿನ ಬೋಟುಗಳೆಲ್ಲ ಒಂದಕ್ಕೊಂದು ತಾಗಿಕೊಂಡು ಸಾಲಾಗಿ ನಿಂತಿದ್ದವು. ನೇತ್ರಾವತಿ, ಫಲ್ಗುಣಿ ಎರಡೂ ಸಮುದ್ರ ಸೇರುವುದು ಇಲ್ಲೇ ಹತ್ತಿರ. ಹೊಳೆಗಳು ಕೂಡುವ ಜಾಗ ಅಂತಲೇ ತುಳುವಿನಲ್ಲಿ ಊರಿಗೆ ಕುಡ್ಲ ಅಂತ ಹೆಸರು ಬಂತು ಅನ್ನುತ್ತಾರೆ. ಆ ರಸ್ತೆಗಳು ಇಕ್ಕಟ್ಟು. ಎರಡೂ ಕಡೆ ಹಳೇ ಗೋದಾಮುಗಳು. ಒಣಮೆಣಸು, ಒಣಮೀನು, ಗೋಣಿಚೀಲದ ವಾಸನೆ.

ಅಲ್ಲಿ ಅಕ್ಕನ ಚಪ್ಪಲಿ ಕಿತ್ತುಹೋಯಿತು. ಅದೇ ಹೊತ್ತಿಗೆ ಮಳೆ ಬಂತು. ಬೆಂಗಳೂರಿನ ಮಳೆಯಂತೆ ಗುಡುಗಿ, ಗಾಳಿ ಬೀಸಿ, ಮುನ್ಸೂಚನೆ ಕೊಟ್ಟು ಬರುವುದಲ್ಲ. ಮೇಲಿಂದ ಒಂದೇ ಸಲ ಸುರಿಯಿತು. ನಮ್ಮ ಮಡಿಚುವ ಕೊಡೆ ಒಂದೇ ಗಾಳಿಗೆ ತಿರುವಿಕೊಂಡಿತು. ಅಕ್ಕ ಒಂದು ಕೈಯಲ್ಲಿ ಚಪ್ಪಲಿ, ಒಂದು ಕೈಯಲ್ಲಿ ಕಾಗದದ ಸುರುಳಿ ಹಿಡಿದು ಬರಿಗಾಲಲ್ಲಿ ಓಡಿದಳು. ಒಂದು ಗೋದಾಮಿನ ಜಗಲಿ ಹತ್ತಿದೆವು. ಬಾಗಿಲು ಮುಚ್ಚಿತ್ತು. ತಲೆ ಮೇಲೆ ಹೆಂಚು.

ಮೊದಲು ನನಗೆ ಗೊತ್ತಾಗಲಿಲ್ಲ. ಉಸಿರು ಬಿಡುತ್ತಾ ತಲೆ ಒರೆಸಿಕೊಳ್ಳುತ್ತಿದ್ದೆ. ಅಕ್ಕ ನನ್ನ ತೋಳು ಹಿಡಿದಳು. "ಶ್. ಕೇಳು."

ಹೆಂಚಿನ ಮೇಲೆ ಮಳೆ ಬೀಳುವ ಸದ್ದು. ತಗಡಿನ ಶೀಟಿನ ಮೇಲೆ ಬಿದ್ದರೆ ಡಬಡಬ ಅಂತ ಬಡಿಯುತ್ತದೆ, ಮಾತೂ ಕೇಳಿಸುವುದಿಲ್ಲ. ಸ್ಲ್ಯಾಬಿನ ಮೇಲೆ ಬಿದ್ದರೆ ಸದ್ದೇ ಇಲ್ಲ. ಹೆಂಚಿನದು ಅಕ್ಕಿ ಕೇರಿದ ಹಾಗೆ. ಹತ್ತಿರ ಹತ್ತಿರ, ಒಂದೇ ಸಮ, ತಲೆ ಮೇಲೇ ಯಾರೋ ದೊಡ್ಡ ಮೊರ ಆಡಿಸುತ್ತಿರುವಂತೆ. ಅದರೊಳಗೆ ಇನ್ನೊಂದು ಸದ್ದು, ಹೆಂಚಿನ ಗೀರಿನಲ್ಲಿ ನೀರು ಇಳಿದು ಸೂರಿನಿಂದ ಕೆಳಗೆ ಬೀಳುವುದು. ನಮ್ಮ ಮುಂದೆ ಒಂದೊಂದು ಹೆಂಚಿನ ತುದಿಯಿಂದ ಒಂದೊಂದು ಎಳೆ, ಮಗ್ಗಕ್ಕೆ ನೂಲು ಕಟ್ಟಿದ ಹಾಗೆ. ಕೆಳಗೆ ಕಲ್ಲುಚಪ್ಪಡಿಯಲ್ಲಿ ಆ ಎಳೆಗಳು ಬಿದ್ದೂ ಬಿದ್ದೂ ಸಾಲಾಗಿ ಗುಳಿ ಆಗಿತ್ತು. ನಮ್ಮ ಮನೆ ಅಂಗಳದಲ್ಲೂ ಹಾಗೇ ಇತ್ತು. ಆ ಗುಳಿಗಳಲ್ಲಿ ನಾನು ಗೋಲಿ ಆಡುತ್ತಿದ್ದೆ.

ಎಲ್ಲೋ ಒಳಗೆ ಸೋರುತ್ತಿತ್ತು. ಮುಚ್ಚಿದ ಬಾಗಿಲ ಆಚೆ ಟಣ್, ಟಣ್ ಅಂತ ಡಬ್ಬಿಯೋ ಏನೋ. ಸ್ವಲ್ಪ ಹೊತ್ತಿಗೆ ಟಣ್ ಹೋಗಿ ಟೊಳ್ ಆಯಿತು. ಅಕ್ಕ ಆ ಕಡೆ ಕಿವಿ ಕೊಟ್ಟು, "ಅರ್ಧ ಆಯ್ತು" ಅಂದಳು.

ಅಷ್ಟೇ ಅಂದದ್ದು. ನನಗೆ ಗಂಟಲು ಕಟ್ಟಿತು. ಅಮ್ಮ ತೀರಿಕೊಂಡ ದಿನ ನಾನು ಅತ್ತಿರಲಿಲ್ಲ. ಓಡಾಟವೇ ಜಾಸ್ತಿ ಇತ್ತು. ಮನೆ ಕೆಡವಿದ ದಿನವೂ ಪ್ರೆಸ್ಸಿನಲ್ಲಿ ಕೂತು ಕೆಲಸ ಮಾಡಿದ್ದೆ. ಈಗ ಬಂದರಿನ ಯಾರದೋ ಜಗಲಿಯಲ್ಲಿ ನಿಂತು ಅತ್ತೆ. ಅಕ್ಕ ಏನೂ ಹೇಳಲಿಲ್ಲ. ಸೆರಗಿನಿಂದ ನನ್ನ ತಲೆ ಒರೆಸಿದಳು, ಜೋರಾಗಿ, ಕಿವಿ ಉರಿಯುವ ಹಾಗೆ. ಸ್ಕೂಲಿನಿಂದ ನೆನೆದುಕೊಂಡು ಬಂದಾಗ ಒರೆಸುತ್ತಿದ್ದಂತೆಯೇ. ಮುಕ್ಕಾಲು ಗಂಟೆ ಅಲ್ಲೇ ಇದ್ದೆವು. ಮಳೆ ನಿಂತ ಮೇಲೂ ಹೆಂಚಿನಿಂದ ನೀರು ತೊಟ್ಟಿಕ್ಕುವುದು ನಿಂತಿರಲಿಲ್ಲ. ಅದೂ ನಿಲ್ಲಲಿ ಅಂತ ಕಾದೆವು.

ಸ್ಟೇಟ್ ಬ್ಯಾಂಕ್ ಹತ್ತಿರ ಚಪ್ಪಲಿ ಹೊಲಿಸಿ, ಅಲ್ಲಿಂದಲೇ ಸಿಟಿ ಬಸ್ ಹಿಡಿದು ಪಣಂಬೂರಿಗೆ ಹೋದೆವು. ಕಂಡಕ್ಟರ್ ಬಾಗಿಲಲ್ಲಿ ನೇತಾಡುತ್ತಾ "ರೈಟ್ ಪೋಯಿ" ಅಂತ ಕೂಗುವುದು ಅಕ್ಕನಿಗೆ ತುಂಬಾ ಇಷ್ಟ ಆಯಿತು. ಸಮುದ್ರ ಮಣ್ಣಿನ ಬಣ್ಣಕ್ಕೆ ತಿರುಗಿತ್ತು. ಕೆಂಪು ಬಾವುಟ ನೆಟ್ಟು ಹಗ್ಗ ಕಟ್ಟಿದ್ದರು. ನೀರಿಗೆ ಇಳಿಯುವಂತಿಲ್ಲ. ಮಳೆಗಾಲದಲ್ಲಿ ಇದನ್ನು ದಯವಿಟ್ಟು ಪಾಲಿಸಿ. ಅಲೆ ಎಳೆದುಕೊಳ್ಳುವುದನ್ನು ಹಗ್ಗದ ಈಚೆ ನಿಂತರೂ ಕಾಲಿನಲ್ಲೇ ತಿಳಿಯಬಹುದು. ಹತ್ತು ನಿಮಿಷ ನೋಡಿ ವಾಪಸ್ ಬಂದೆವು. ರಾತ್ರಿ ಊಟದ ಬದಲು ಗಡ್‌ಬಡ್ ತಿಂದೆವು. ಉದ್ದನೆಯ ಗ್ಲಾಸಿನಲ್ಲಿ ಮೂರು ಥರದ ಐಸ್‌ಕ್ರೀಮು, ಜೆಲ್ಲಿ, ಹಣ್ಣು, ಗೋಡಂಬಿ. ಹೊರಗೆ ಮಳೆ, ಒಳಗೆ ಐಸ್‌ಕ್ರೀಮು. ಶೀತ ಆಗುತ್ತೆ ಅಂತ ಹೇಳುವವರು ಯಾರೂ ಇರಲಿಲ್ಲ.

ಭಾನುವಾರ ಬೆಳಿಗ್ಗೆ ಮಂಗಳೂರು ಜಂಕ್ಷನ್‌ನಿಂದ ಹಗಲಿನ ರೈಲು. ಸುಬ್ರಹ್ಮಣ್ಯ ರೋಡ್‌ನಲ್ಲಿ ಘಾಟಿ ಹತ್ತಲು ಹಿಂದೆಯೂ ಎಂಜಿನ್ ಸೇರಿಸುತ್ತಾರೆ. ಅಲ್ಲಿಂದ ಸಕಲೇಶಪುರದವರೆಗೆ 55 ಕಿಲೋಮೀಟರ್, 57 ಸುರಂಗ. ಪ್ರತಿ ಸುರಂಗದಲ್ಲೂ ಮಕ್ಕಳು ಕಿರುಚುತ್ತಿದ್ದವು. ಅಕ್ಕ ಎಣಿಸಲು ಶುರು ಮಾಡಿ 31ರ ನಂತರ ಜಲಪಾತ ನೋಡುತ್ತಾ ಮರೆತಳು. ಈ ದಾರಿಯಲ್ಲಿ ರೈಲು ಬಂದದ್ದು 1979ರಲ್ಲಿ. "ಹಾಗಾದ್ರೆ ನಮ್ಮ ಹೆಂಚು ಈ ದಾರೀಲಿ ಬಂದಿಲ್ಲ" ಅಂದಳು. ಮದ್ರಾಸ್ ಕಡೆಯಿಂದ ಸುತ್ತಿಕೊಂಡು ಬಂದಿರಬೇಕು, ಇಲ್ಲ ಎತ್ತಿನ ಗಾಡಿಯಲ್ಲಿ ಘಾಟಿ ಹತ್ತಿರಬೇಕು ಅಂತ ಇಬ್ಬರೂ ಯಡಕುಮೇರಿ ದಾಟುವವರೆಗೆ ಲೆಕ್ಕ ಹಾಕಿದೆವು. ಯಶವಂತಪುರ ಬಂದಾಗ ಕತ್ತಲಾಗಿತ್ತು. ಅವಳನ್ನು ಆಟೋ ಹತ್ತಿಸಿ ನಾನು ಮನೆಗೆ ಬಂದೆ.

ಬುಧವಾರ ರಾತ್ರಿ ಹನ್ನೊಂದು ಗಂಟೆಗೆ ಅಕ್ಕ ಫೋನ್ ಮಾಡಿದಳು. ಅಷ್ಟು ಹೊತ್ತಿಗೆ ಅವಳ ಹೆಸರು ನೋಡಿ ಎದೆ ಧಸಕ್ ಅಂತು.

"ಏನಿಲ್ಲ ಕಣೋ. ಇಲ್ಲಿ ಮಳೆ ಬರ್ತಿದೆ. ನಿಮ್ಮ ಕಡೆ ಬರ್ತಿದೆಯಾ?"

ಕಿಟಕಿ ತೆಗೆದು ನೋಡಿದೆ. ನಮ್ಮ ಕಡೆ ಬರೀ ಹನಿ.

"ಇರು, ಇಡಬೇಡ" ಅಂದಳು. ಬಾಲ್ಕನಿ ಬಾಗಿಲು ತೆಗೆದ ಸದ್ದು ಕೇಳಿತು. ಆಮೇಲೆ ಏನನ್ನೋ ಎಳೆದು ಕಟ್ಟೆ ಮೇಲೆ ಇಟ್ಟ ಸದ್ದು. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಶುರುವಾಯಿತು. ಒಂದೇ ಹೆಂಚು. ಟಪ್. ಟಪ್ ಟಪ್. ಟಪ್. ಅಕ್ಕ ಫೋನನ್ನು ಅದರ ಹತ್ತಿರ ಹಿಡಿದಿದ್ದಳು. ನಾನು ದೀಪ ಆರಿಸಿ ನೆಲದ ಮೇಲೆ ಅಂಗಾತ ಮಲಗಿ ಕೇಳಿದೆ.

"ಕೇಳಿಸ್ತಾ?"

"ಹೂಂ."

"ಸರಿ, ಮಲಗು. ನಂಗೆ ಕೈ ನೆನೀತಿದೆ."